ಹದ ಕಾಣಿಸದ ಕುಲುಮೆ

‘ಫೋರ್ಜ್ಡ್ ಇನ್ ಫೈರ್’ 2015ರಲ್ಲಿ ಹಿಸ್ಟರಿ ಚಾನೆಲ್‌ನಲ್ಲಿ ಶುರುವಾದ ಅಮೆರಿಕದ ರಿಯಾಲಿಟಿ ಶೋ. ನಾಲ್ವರು ಕತ್ತಿ ಕಮ್ಮಾರರು, ಮೂರು ಸುತ್ತು, ಗೆದ್ದವರಿಗೆ 10,000 ಡಾಲರ್. ಒಂದು ಕಂತು ಮುಗಿದರೆ ಇನ್ನೊಂದಕ್ಕೆ ಕೈ ತಾನಾಗಿ ಹೋಗುತ್ತದೆ. ಹಾಗೆ ನೋಡುತ್ತ ಹೋದಂತೆ ನನ್ನ ತಕರಾರೂ ಗಟ್ಟಿಯಾಯಿತು: ಇಲ್ಲಿ ಬೆಂಕಿ ಇದೆ, ಸುತ್ತಿಗೆ ಇದೆ, ಗಡಿಯಾರವಂತೂ ಇದ್ದೇ ಇದೆ, ಹದ ಇಲ್ಲ.

ಹದ ಅನ್ನುವ ಮಾತನ್ನು ನಾವು ಬೆಲ್ಲದ ಪಾಕಕ್ಕೂ ಬಿತ್ತುವ ನೆಲಕ್ಕೂ ಬಳಸುತ್ತೇವೆ, ಕಬ್ಬಿಣಕ್ಕೂ. ಕತ್ತಿಯ ಮಟ್ಟಿಗೆ ಅದು ಎರಡು ಹಂತದ ಕೆಲಸ. ಮೊದಲು ಉಕ್ಕನ್ನು ಅಯಸ್ಕಾಂತ ಹಿಡಿಯದಷ್ಟು, ಅಂದರೆ ಸುಮಾರು 800 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಎಣ್ಣೆಗೆ ಅದ್ದುತ್ತಾರೆ. ಭಗ್ಗನೆ ಜ್ವಾಲೆ ಏಳುತ್ತದೆ. ಅಲಗು ಬಿರುಕು ಬಿಟ್ಟರೆ ‘ಟಿಣ್’ ಅಂತ ಕೇಳುತ್ತದೆ. ಕ್ಯಾಮೆರಾಕ್ಕೆ ಹಬ್ಬ. ಆದರೆ ಆ ಗಳಿಗೆಯಲ್ಲಿ ಉಕ್ಕು ಗಾಜಿನ ಹಾಗೆ, ಕೈಜಾರಿ ಬಿದ್ದರೂ ಒಡೆಯಬಹುದು. ಮತ್ತೆ 200 ಡಿಗ್ರಿಯ ಆಸುಪಾಸಿನಲ್ಲಿ ಗಂಟೆಗಟ್ಟಲೆ, ಸಾಮಾನ್ಯವಾಗಿ ಎರಡು ಸಲ ಇಟ್ಟು, ಗಡಸನ್ನು ತುಸು ಇಳಿಸಿದ ಮೇಲೆಯೇ ಅದು ಕತ್ತಿ. ಓವನ್ನಿನಲ್ಲಿ ಸುಮ್ಮನೆ ಮಲಗಿದ ಅಲಗನ್ನು ಯಾರು ನೋಡುತ್ತಾರೆ ಅಂತಲೋ ಏನೋ, ಇದಕ್ಕೆ ತೆರೆಯ ಮೇಲೆ ಜಾಗ ಸಿಗುವುದು ಅಪರೂಪ. ಡೆಡ್‌ಲೈನು, ಎಲಿಮಿನೇಶನ್ನು ನಮ್ಮಲ್ಲಿ ಅನೇಕರ ಆಫೀಸಿನ ಮಾಮೂಲಿ. ಹಾಗಾಗಿ ಮೂರು ಗಂಟೆಯಲ್ಲಿ ಕತ್ತಿ ಅನ್ನುವುದು ನಮಗೆ ಸಹಜವೆಂದೇ ಕಾಣುತ್ತದೆ. ನನಗೆ ಹೆದರಿಕೆ ಅದೇ.

ಪರೀಕ್ಷೆಗಳನ್ನೂ ನೋಡಿ. ಜೆಲ್ ಬೊಂಬೆಯನ್ನೋ ಹಂದಿಯ ಮೃತದೇಹವನ್ನೋ ಕಡಿದು, ಇದು ಕೊಲ್ಲುತ್ತದೆ ಎಂದು ತೀರ್ಪು ಕೊಡುತ್ತಾರೆ. ಬಿಲ್ ಮೊರಾನ್ 1976ರಲ್ಲಿ ಕಟ್ಟಿದ ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿಯ ಪರೀಕ್ಷೆಯೇ ಬೇರೆ. ಒಂದೇ ಕತ್ತಿ ತೂಗುಬಿಟ್ಟ ಒಂದಿಂಚಿನ ಹಗ್ಗವನ್ನು ಒಂದೇ ಏಟಿಗೆ ಕತ್ತರಿಸಬೇಕು, ಎರಡಿಂಚು-ನಾಲ್ಕಿಂಚಿನ ಮರವನ್ನು ಎರಡು ಸಲ ಕಡಿಯಬೇಕು, ಆಮೇಲೂ ತೋಳಿನ ಕೂದಲು ಬೋಳಿಸಬೇಕು. ಕೊನೆಗೆ ವೈಸ್‌ಗೆ ಸಿಕ್ಕಿಸಿ 90 ಡಿಗ್ರಿ ಬಗ್ಗಿಸಿದರೂ ತುಂಡಾಗಬಾರದು. ಗಡಸಾದರೆ ಮುರಿಯುತ್ತದೆ, ಮೆದುವಾದರೆ ಕೂದಲು ಹೋಗುವುದಿಲ್ಲ. ಶೋದ ತೀರ್ಪುಗಾರರಲ್ಲಿ ಒಬ್ಬರಾದ ಜೆ. ನೀಲ್ಸನ್ ಅದೇ ಸೊಸೈಟಿಯ ಮಾಸ್ಟರ್ ಸ್ಮಿತ್. ಅವರು ಕೈಗೆ ಬಂದ ಅಲಗಿನ ಬಾಗು, ಬಿರುಕುಗಳನ್ನು ಎರಡೇ ಮಾತಿನಲ್ಲಿ ಹೇಳಿ ಮುಗಿಸುವ ಕ್ಷಣಗಳಿಗಾಗಿ ನಾನು ಕಾಯುತ್ತೇನೆ.

ಕೊನೆಯ ಸುತ್ತಿನಲ್ಲಿ ಉಳಿದ ಇಬ್ಬರು ತಮ್ಮತಮ್ಮ ಕುಲುಮೆಗೆ ಹೋಗುತ್ತಾರೆ. ಹಿತ್ತಿಲ ಶೆಡ್ಡು, ಕೈಗೆ ಪಳಗಿದ ಸುತ್ತಿಗೆ, ಮೊದಲ ಯತ್ನ ಕೆಟ್ಟರೆ ಬದಿಗಿಟ್ಟು ಹೊಸದಾಗಿ ಶುರುಮಾಡುವಷ್ಟು ಬಿಡುವು. ಕಸುಬುದಾರರ ಬದುಕು ಅಷ್ಟಿಷ್ಟು ಕಾಣುವುದು ಅಲ್ಲಿಯೇ. ಆ ನಾಲ್ಕೈದು ದಿನಗಳಿಗೆ ಸಿಗುವುದು ಕಂತಿನ ಕೆಲವೇ ನಿಮಿಷ.