ತೋಟವನ್ನು ಓದಿದ ಪತ್ರಿಕೆ

ಪುತ್ತೂರಿನಲ್ಲಿ ವಿಜ್ಞಾನ ಬರವಣಿಗೆಯ ಮಾತು ಬಂದರೆ ಮೊದಲು ನೆನಪಾಗುವುದು ಶಿವರಾಮ ಕಾರಂತರ ಬಾಲವನ. ‘ಬಾಲ ಪ್ರಪಂಚ’, ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ ಇವನ್ನೆಲ್ಲ ಕಾರಂತರು ಒಬ್ಬರೇ ಬರೆದರು. ಅದೇ ಊರಿನಲ್ಲಿ 1988ರಲ್ಲಿ ಹುಟ್ಟಿದ ‘ಅಡಿಕೆ ಪತ್ರಿಕೆ’ ಬೇರೆಯೇ ದಾರಿ ಹಿಡಿಯಿತು. ಒಬ್ಬರು ಜಗತ್ತನ್ನು ಓದಿ ಊರಿಗೆ ಹೇಳುವ ಬದಲು, ಊರಿನ ಕೃಷಿಕರೇ ತಮ್ಮ ತೋಟವನ್ನು ಓದಿ ಪರಸ್ಪರ ಹೇಳಿಕೊಳ್ಳತೊಡಗಿದರು.

ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 1918ರಲ್ಲಿ ಆರಂಭಿಸಿದ ‘ವಿಜ್ಞಾನ’ ಎಂಬ ಕನ್ನಡ ಮಾಸಿಕ ಎರಡೇ ವರ್ಷ ಬಾಳಿತು. ಅಡಿಕೆ ಪತ್ರಿಕೆಯಾದರೋ ಮೂರು ದಶಕ ದಾಟಿತು.

ಪುತ್ತೂರು, ಸುಳ್ಯ, ಕಡಬಗಳಲ್ಲಿ ವರ್ಷಕ್ಕೆ 3500 ಮಿಲಿಮೀಟರಿನ ಆಚೀಚೆ ಮಳೆ ಸುರಿಯುತ್ತದೆ. ಮಳೆಗಾಲದ ಆಟಿ ತಿಂಗಳಲ್ಲಿ ಬಿಸಿಲು ಕಾಣದಿದ್ದರೆ ಕೊಳೆರೋಗ, ಎಳೆ ಅಡಿಕೆಯೆಲ್ಲ ಮರದ ಬುಡಕ್ಕೆ. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಸಿಸಿ ನೂರು ವರ್ಷ ಮೀರಿತು. ನೂರು ಲೀಟರ್ ನೀರಿಗೆ ಒಂದೊಂದು ಕಿಲೋ ಮೈಲುತುತ್ತು, ಸುಣ್ಣ ಬೆರೆಸುವ ಬೋರ್ಡೋ ಲೆಕ್ಕ ಎಲ್ಲರಿಗೂ ಬಾಯಿಪಾಠ. ಆದರೆ ಮಳೆ ಬಿಡದ ವಾರದಲ್ಲಿ ಮದ್ದು ಬಿಡುವುದು ಯಾವಾಗ, ಮರ ಹತ್ತುವವರು ಸಿಗದಿದ್ದರೆ ಗತಿಯೇನು? ಇದಕ್ಕೆ ಪಠ್ಯದಲ್ಲಿ ಉತ್ತರವಿಲ್ಲ, ಪಕ್ಕದ ತೋಟದಲ್ಲಿ ಇರಬಹುದು. ‘ಕೃಷಿಕರ ಕೈಗೆ ಲೇಖನಿ’ ಎಂಬ ಧ್ಯೇಯದ ಬಲ ಇಲ್ಲಿದೆ.

ಈ ಪರಂಪರೆಯ ಕಣ್ಣು ಎಷ್ಟು ಚುರುಕೆಂಬುದಕ್ಕೆ ಸಂಪಾದಕ ಶ್ರೀ ಪಡ್ರೆಯವರ ಬದುಕೇ ಸಾಕ್ಷಿ. ಪತ್ರಿಕೆ ಹುಟ್ಟುವುದಕ್ಕೂ ಮೊದಲು, ಕಾಸರಗೋಡಿನ ಗಡಿಯ ವಾಣಿನಗರದಲ್ಲಿ ಕಾಲು ಸೊಟ್ಟಗಾದ ಕರುಗಳು ಹುಟ್ಟುವುದನ್ನು ಕಂಡ ಅವರು, ಗೇರು ತೋಟದ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸುತ್ತಿದ್ದ ಎಂಡೋಸಲ್ಫಾನ್ ಕೀಟನಾಶಕದ ಕಡೆಗೆ ಬೆರಳು ತೋರಿಸಿದರು. ಅಲ್ಲಿನ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ರೋಗಿಗಳಲ್ಲಿ ಕಂಡದ್ದೂ ಅದಕ್ಕೆ ಜೊತೆಯಾಯಿತು. ಸುಪ್ರೀಂ ಕೋರ್ಟಿನ ತಡೆ ಬಂದದ್ದು 2011ರಲ್ಲಿ. ಹಟ್ಟಿಯಲ್ಲಿ ಕಂಡದ್ದು ದೆಹಲಿ ಮುಟ್ಟಲು ಮೂವತ್ತು ವರ್ಷ ಹಿಡಿಯಿತು.

ಮಳೆಕೊಯ್ಲಿನ ಬಗ್ಗೆ ಸಾಲು ಸಾಲು ಬರಹ, ನೆಲಕ್ಕೆ ಬಿದ್ದು ಕೊಳೆಯುತ್ತಿದ್ದ ಹಲಸಿಗೆ ಮತ್ತೆ ಮತ್ತೆ ಮುಖಪುಟ, 2021ರಲ್ಲಿ ಬಾಳೆಕಾಯಿ ಹುಡಿಯ ಪ್ರಚಾರ: ಒಂದು ವಿಷಯವನ್ನು ಹಿಡಿದರೆ ಬಿಡದ ಹಟ ಪತ್ರಿಕೆಯದು. ಕನ್ನಡದಲ್ಲಿ ಇದು ಅಪರೂಪ.

ಆದರೂ ಒಂದು ಕೊರತೆಯನ್ನು ಹೇಳಲೇಬೇಕು. ಅನುಭವದ ಬರವಣಿಗೆಗೆ ಗೆದ್ದವರ ತೋಟ ಬೇಗ ಕಾಣುತ್ತದೆ. ಸುಳ್ಯದ ಸಂಪಾಜೆ, ಅರಂತೋಡು ಕಡೆ ತೋಟಗಳನ್ನೇ ನುಂಗಿದ ಹಳದಿ ರೋಗಕ್ಕೆ ಕಾರಣ ಫೈಟೋಪ್ಲಾಸ್ಮಾ. ಮರವನ್ನು ಪೂರ್ತಿ ಗುಣಪಡಿಸುವ ಮದ್ದಿಲ್ಲ. ಅಂಥಲ್ಲಿ ಯಾರದೋ ತೋಟದ ಸೋಗೆ ಒಂದು ವರ್ಷ ಹಸಿರಾದರೆ ಅದು ಹಾಕಿದ ಗೊಬ್ಬರದಿಂದಲೋ, ಬಸಿಗಾಲುವೆಯಿಂದಲೋ, ಆ ವರ್ಷದ ಮಳೆಯಿಂದಲೋ ಹೇಳುವುದು ಹೇಗೆ? ಕಂಗೆಟ್ಟ ಬೆಳೆಗಾರ ಮಾತ್ರ ಓದಿದ ಮರುದಿನವೇ ಸಾಲ ಮಾಡಿ ಅದೇ ಗೊಬ್ಬರ ತರುತ್ತಾನೆ.

ಹತ್ತು ಮರಕ್ಕೆ ಗೊಬ್ಬರ ಕೊಟ್ಟು ಪಕ್ಕದ ಹತ್ತು ಮರವನ್ನು ಹಾಗೇ ಬಿಟ್ಟು, ಗೊನೆ ಎಣಿಸಿ ಬರೆದಿಡುವುದು ಯಾವ ಕೃಷಿಕನಿಗೂ ಅಸಾಧ್ಯವಲ್ಲ. ಅಡಿಕೆಯ ಮೇಲೆ ಸಂಶೋಧನೆ ನಡೆಸುವ ಸಿಪಿಸಿಆರ್‌ಐ ಕೇಂದ್ರ ವಿಟ್ಲದಲ್ಲೇ ಇದೆ. ಲೆಕ್ಕ ನೋಡಿಕೊಡುವವರು ದೂರವಿಲ್ಲ. ಮೂರು ವರ್ಷದ ಬಳಿಕ ಪತ್ರಿಕೆ ಅದೇ ತೋಟಕ್ಕೆ ಮತ್ತೊಮ್ಮೆ ಹೋಗಿ, ಪ್ರಯೋಗ ಕೈಕೊಟ್ಟಿದ್ದರೆ ಆ ಕಥೆಗೂ ಹಲಸಿಗೆ ಕೊಟ್ಟಷ್ಟೇ ಪುಟ ಕೊಡಬೇಕು.