ಸಿಪಾಯಿಗೆ ವಕೀಲ ಯಾಕೆ ಎನ್ನುವವರಿಗೆ

ಸೇನೆಯ ಅಂಗವೈಕಲ್ಯ ಪಿಂಚಣಿಯ ಮಾತು ಬಂದಾಗಲೆಲ್ಲ ಒಂದು ಬುದ್ಧಿವಾದ ಕೇಳಿಬರುತ್ತದೆ: ಡಾಕ್ಟರು ಬರೆದದ್ದೇ ಕೊನೆ, ಸಿಗಬೇಕಾದ್ದು ಸಿಕ್ಕೇ ಸಿಗುತ್ತದೆ, ವಕೀಲರ ಬೆನ್ನು ಹತ್ತಿದರೆ ಬರುವ ಬಾಕಿಯೂ ಅವರ ಜೇಬಿಗೇ. ಕೊಡಗಿನಲ್ಲೋ ಬೆಳಗಾವಿಯಲ್ಲೋ ಮಾಜಿ ಸೈನಿಕರ ನಡುವೆ ಇದನ್ನು ಹೇಳುವವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಇದರಿಂದ ಉಳಿತಾಯವಾಗುವುದು ಸಿಪಾಯಿಗಲ್ಲ, ಸರ್ಕಾರಕ್ಕೆ.

ಕಾಯಿಲೆ ಇದೆಯೋ ಇಲ್ಲವೋ ಎಂಬ ಬಗ್ಗೆ ಇಲ್ಲಿ ತಕರಾರೇ ಇರುವುದಿಲ್ಲ. ಮೆಡಿಕಲ್ ಬೋರ್ಡು ತಾನೇ ಶೇ. 20ರಷ್ಟು ವೈಕಲ್ಯವೆಂದು ನಮೂದಿಸಿ, ಕೆಳಗೆ ‘ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಹೆಚ್ಚಿದ್ದೂ ಅಲ್ಲ’ ಎಂದು ಸೇರಿಸುತ್ತದೆ. ಪಿಂಚಣಿ ನಿಂತುಹೋಗುವುದು ಆ ಎರಡನೇ ಸಾಲಿನಿಂದ. ವೈದ್ಯರ ಸಹಿ ಇದ್ದರೂ ಅದು ಕಾನೂನಿನ ಪ್ರಶ್ನೆ: ರುಜುವಾತು ಮಾಡಬೇಕಾದವರು ಯಾರು?

ಧರಮ್‌ವೀರ್ ಸಿಂಗ್ ಪ್ರಕರಣ ನೋಡಿ. 1985ರಲ್ಲಿ ಸೇನೆ ಸೇರಿದ ಸಿಪಾಯಿ. ಅಪಸ್ಮಾರದ ಕಾರಣಕ್ಕೆ 1994ರಲ್ಲಿ ಹೊರಬಿದ್ದರು. ಕಾಯಿಲೆ ಹುಟ್ಟುಗುಣದ್ದು ಎಂದು ಬೋರ್ಡು ಬರೆದು ಕೈತೊಳೆದುಕೊಂಡಿತು, ಕಾರಣ ಕೊಡಲಿಲ್ಲ. 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದಿಷ್ಟು: ಭರ್ತಿಯಾಗುವಾಗ ದಾಖಲೆಯಲ್ಲಿ ಕಾಯಿಲೆಯ ಸುಳಿವಿಲ್ಲದಿದ್ದರೆ, ಆಮೇಲೆ ಆರೋಗ್ಯ ಕೆಟ್ಟದ್ದು ಸೇವೆಯಿಂದಲೇ ಎಂದು ಭಾವಿಸಬೇಕು, ಅಲ್ಲವೆಂದು ತೋರಿಸುವ ಹೊಣೆ ಸೇನೆಯದು. ಇದು ಆಕಾಶದಿಂದ ಉದುರಿದ ಹೊಸ ಕಾನೂನಲ್ಲ. 1982ರ ನಿಯಮಾವಳಿಯಲ್ಲೇ ಇತ್ತು. ಇದ್ದ ನಿಯಮವನ್ನು ಓದಿಸಲು ಹತ್ತೊಂಬತ್ತು ವರ್ಷ ಹಿಡಿಯಿತು.

ನಿಯಮವೂ ಒಂದೇ ಅಲ್ಲ. 1982ರದ್ದೊಂದು, 2008ರದ್ದೊಂದು, 2023ರದ್ದು ಮತ್ತೊಂದು. ಹಳೆಯ ನಿಯಮದಲ್ಲಿ ಸಿಪಾಯಿಯ ಪರವಾಗಿದ್ದ ಆ ಪೂರ್ವಭಾವನೆ ಮುಂದಿನವುಗಳಲ್ಲಿ ಹಾಗೇ ಉಳಿದಿಲ್ಲ. ಸೇವೆ ಮುಗಿದ ತಾರೀಖು ಯಾವುದು ಎಂಬುದರಿಂದಲೇ ವಾದದ ದಿಕ್ಕು ಬದಲಾಗುತ್ತದೆ. ಇನ್ನು ರಾಮ್ ಅವತಾರ್ ಪ್ರಕರಣದ 2014ರ ತೀರ್ಪು: ಸೇವಾವಧಿ ಪೂರೈಸಿ ನಿವೃತ್ತರಾದವರಿಗೂ ಶೇಕಡಾವಾರು ಲೆಕ್ಕವನ್ನು ಮೇಲಕ್ಕೆ ಏರಿಸಬೇಕು, ಶೇ. 20 ಇದ್ದರೆ 50 ಎಂದು ಹಿಡಿಯಬೇಕು. ಗೊತ್ತಿದ್ದು ಕೇಳಿದವನಿಗೂ ಗೊತ್ತಿಲ್ಲದೆ ಸುಮ್ಮನಿದ್ದವನಿಗೂ ಎರಡೂವರೆ ಪಟ್ಟು ಅಂತರ.

ಕಾದು ನೋಡೋಣ ಎನ್ನುವುದಕ್ಕೂ ದಂಡವಿದೆ. 1983ರಲ್ಲಿ ಸೇನೆಯಿಂದ ಹೊರಬಂದ ತರ್ಸೇಮ್ ಸಿಂಗ್ ಹೈಕೋರ್ಟಿಗೆ ಹೋದದ್ದು 1999ರಲ್ಲಿ. ಪಿಂಚಣಿಯ ಹಕ್ಕು ಉಳಿಯಿತು, ಆದರೆ ಅರ್ಜಿಗೆ ಹಿಂದಿನ ಮೂರು ವರ್ಷದ ಬಾಕಿ ಮಾತ್ರ ಸಾಕೆಂದು ಸುಪ್ರೀಂ ಕೋರ್ಟ್ 2008ರಲ್ಲಿ ತೀರ್ಮಾನಿಸಿತು. ವಕೀಲರ ಫೀಸು ಉಳಿಸಿ ಹದಿಮೂರು ವರ್ಷದ ಪಿಂಚಣಿ ಕಳೆದುಕೊಳ್ಳುವುದು ಯಾವ ಜಾಣತನ?

ವಕೀಲರೇನೂ ದೇವರಲ್ಲ. ಒಂದೇ ಅರ್ಜಿಯನ್ನು ಹೆಸರು ಬದಲಿಸಿ ನಾಲ್ಕು ಕಡೆ ಹಾಕುವವರಿದ್ದಾರೆ. ಗೆದ್ದರೆ ಬಾಕಿಯಲ್ಲಿ ಇಷ್ಟು ಪಾಲು ಎಂದು ಮಾತಾಡುವವರೂ ಇದ್ದಾರೆ. ಬಾರ್ ಕೌನ್ಸಿಲ್ ನಿಯಮ ಅದನ್ನು ನಿಷೇಧಿಸಿದೆ. ಆದರೆ ಕೆಟ್ಟ ವಕೀಲರಿದ್ದಾರೆ ಎಂಬುದು ಒಳ್ಳೆಯ ವಕೀಲರನ್ನು ಹುಡುಕಲು ಕಾರಣವೇ ಹೊರತು ಕೈಕಟ್ಟಿ ಕೂರಲು ಅಲ್ಲ. ಸಶಸ್ತ್ರ ಪಡೆಗಳ ನ್ಯಾಯಮಂಡಳಿಯಲ್ಲಿ ಕರ್ನಾಟಕ ಬರುವುದು ಕೊಚ್ಚಿ ಪೀಠದ ವ್ಯಾಪ್ತಿಗೆ. ಅಲ್ಲಿ ಸರ್ಕಾರದ ಪರವಾಗಿ ನಿಲ್ಲಲು ವಕೀಲರು ಇದ್ದೇ ಇರುತ್ತಾರೆ. ಸರ್ಕಾರಕ್ಕೆ ವಕೀಲ ಬೇಡ ಎಂದು ಯಾರೂ ಬುದ್ಧಿ ಹೇಳಿದ್ದನ್ನು ಕೇಳಿಲ್ಲ.

ನಿಜವಾದ ಕೊರತೆ ಇರುವುದು ಕೊಚ್ಚಿಗಿಂತ ಮೊದಲು. ಬೋರ್ಡಿನ ನಡಾವಳಿಯ ಪ್ರತಿ ಪಡೆದು, ಭರ್ತಿ ಸಮಯದ ವೈದ್ಯಕೀಯ ದಾಖಲೆಯ ಜೊತೆ ಇಟ್ಟು ನೋಡಿ, ಎಲ್ಲೆಲ್ಲಿ ಸೇವೆ ಮಾಡಿದೆ ಎಂಬುದನ್ನು ಜೋಡಿಸಿ ಮೊದಲ ಮೇಲ್ಮನವಿ ಬರೆಯುವ ಹೊತ್ತಿಗೆ ಸಿಪಾಯಿ ಒಬ್ಬನೇ ಇರುತ್ತಾನೆ. ಅಂಗವಿಕಲರಿಗೆ ಉಚಿತ ಕಾನೂನು ನೆರವು ಹಕ್ಕೆಂದು 1987ರ ಕಾಯ್ದೆ ಹೇಳುತ್ತದೆ. ಶೇಕಡಾವಾರು ಲೆಕ್ಕ ಹಾಕದೆ ಈ ಸಿಪಾಯಿಗಳನ್ನೂ ಅದರೊಳಗೆ ತರಬೇಕು. ತಿರಸ್ಕಾರದ ಪತ್ರದಲ್ಲೇ ವಕೀಲರ ಹೆಸರು, ವಿಳಾಸ ಅಚ್ಚಾಗಿರಬೇಕು. ಅಲ್ಲಿಯವರೆಗೆ, ಆ ಪತ್ರ ಕೈಸೇರಿದವರು ಅದನ್ನು ಪೆಟ್ಟಿಗೆಯಲ್ಲಿಡದೆ ಆ ವಾರವೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತೆಗೆದುಕೊಂಡು ಹೋಗಲಿ.