ಹಬ್ಬದ ಸಾಮಾನು ಎಲ್ಲಿ ಅಗ್ಗ?

ರಮಝಾನ್ ಬಂತೆಂದರೆ ಭಾಲ್ಕಿ, ಔರಾದ್‌ಗಳಿಂದಲೂ ಜನ ಖರ್ಜೂರ, ಶಾಜೀರಿಗೆ ಕೊಳ್ಳಲು ಬೀದರ್‌ನ ಉಸ್ಮಾನ್‌ಗಂಜ್‌ಗೆ ಹೋಗುತ್ತಾರೆ. ಅಲ್ಲಿ ಆಯ್ಕೆ ಹೆಚ್ಚು, ದರದಲ್ಲಿ ಚೌಕಾಸಿಗೂ ಅವಕಾಶವಿದೆ. ಆದರೆ ನಾವು ಹೋಲಿಸುವುದು ಕಿಲೋ ದರವನ್ನು ಮಾತ್ರ. 2023ರ ಶಕ್ತಿ ಯೋಜನೆಯಿಂದ ಮಹಿಳೆಯರಿಗೆ ಬಸ್ ಉಚಿತವಾಯಿತು, ನಿಜ; ತಪ್ಪಿದ ಕೂಲಿಯನ್ನು ಯಾರು ಕೊಡುತ್ತಾರೆ? ನೂರು ಗ್ರಾಂ ಕೊಳ್ಳುವವರಿಗೆ ಊರಿನ ಕಿರಾಣಿ ಅಂಗಡಿಯೇ ಅಗ್ಗ. ಉದ್ರಿಯೂ ಅಲ್ಲೇ ಸಿಗುತ್ತದೆ. ಆ ಉದ್ರಿಯೇ ಗಿರಾಕಿಯ ಬಾಯಿ ಕಟ್ಟುತ್ತದೆ. ಹುಳ ಹಿಡಿದ ಬೇಳೆ ಬಂದರೂ ಮರಳಿಸಲು ಸಂಕೋಚ. ಪ್ಯಾಕೆಟ್ ಮೇಲೆ ತೂಕ, ದರ ಮುದ್ರಿಸಬೇಕೆಂಬ 2011ರ ನಿಯಮವಿದೆ. ಬಿಡಿ ಸಾಮಾನಿಗೆ ವ್ಯಾಪಾರಿಯ ಪ್ರಾಮಾಣಿಕತೆಯನ್ನೇ ನಂಬಬೇಕು. ತೊಗರಿ ಬೆಳೆಯುವ ಜಿಲ್ಲೆಯಲ್ಲಿ ಒಳ್ಳೆಯ ಬೇಳೆ ನಗದು ಕೊಡುವವರಿಗಷ್ಟೇ ಮೀಸಲಾಗಬಾರದು. ಉದ್ರಿ ಗಿರಾಕಿಗೂ ಅದೇ ಮಾಲು, ಅದೇ ತೂಕ ಕೊಡುವ ಅಂಗಡಿಯನ್ನೇ ನಾವು ಒಳ್ಳೆಯದೆನ್ನುತ್ತೇವೆ.